ಮಿಕ್ಸರ್ ಮುಂದೆ ಅತ್ತೆ ಆಡಿದ ಮಾತು

2003ರ ದೀಪಾವಳಿಗೆ ಮುಂಚಿನ ಮಾತು. ಆಗ ನಾವು ಪುಣೆಯ ಬಿಬವೇವಾಡಿಯಲ್ಲಿದ್ದೆವು. ಯಜಮಾನರಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ಕಲಬುರಗಿ ಕಡೆಯ ನಮ್ಮತ್ತೆ ಶೇಂಗಾ ಚಟ್ನಿಗೆ ಓಣಿಯಲ್ಲೆಲ್ಲ ಹೆಸರಾದವರು. ಆ ವರ್ಷ ಅದೇನಾಯಿತೋ, ಚಟ್ನಿ ಮಾಡುವುದನ್ನೇ ಬಿಟ್ಟಿದ್ದರು. ಕೇಳಿದರೆ ಸಿಡುಕು. ನನ್ನ ಮೇಲೇ ಏನೋ ಮುನಿಸಿರಬೇಕೆಂದು ನನಗೂ ಒಳಗೊಳಗೇ ಉರಿಯುತ್ತಿತ್ತು.

ಅದೇ ಹೊತ್ತಿಗೆ ಮಿಕ್ಸರ್ ಕಂಪನಿಯೊಂದರಿಂದ ಸ್ನೇಹಲ್ ಎಂಬ ಮರಾಠಿ ಹುಡುಗಿ ಬಂದಳು. ಹೊಸ ಮಿಕ್ಸರ್ ಅಂಗಡಿಗೆ ಹೋಗುವ ಮೊದಲು ಹೆಂಗಸರ ಕೈಗೆ ಕೊಟ್ಟು, ಬಳಸಲು ಹೇಗಿದೆ ಎಂದು ತಿಳಿಯುವುದು ಅವಳ ಕೆಲಸ. ಮಿಕ್ಸರ್ ಕೊಟ್ಟು ಹೋಗಿ ಕೆಲವು ದಿನ ಬಿಟ್ಟು ಬಂದು ಒಂದೊಂದೇ ಪ್ರಶ್ನೆ ಕೇಳಿದಳು. ಎಲ್ಲದಕ್ಕೂ ನಾನು ಛಲೋ ಇದೆ ಎಂದೆ. ಮನೆಗೆ ಬಂದವಳು ತಂದ ವಸ್ತುವಿನಲ್ಲಿ ತಪ್ಪು ಹುಡುಕುವುದುಂಟೇ? ಇಡೀ ಓಣಿಯೇ ಹೀಗೆ ಹೊಗಳಿ ಕಳಿಸಿತ್ತಂತೆ. ಪಾಪ, ಒಂದು ಕುಂದೂ ತಿಳಿಯದೆ ಹುಡುಗಿ ತಲೆ ಮೇಲೆ ಕೈಹೊತ್ತು ಕೂತಳು.

ಆಮೇಲೆ ಬೇರೆ ದಾರಿ ಹಿಡಿದಳು. ಅಜ್ಜಿ ಚಟ್ನಿ ಮಾಡಲಿ, ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ತಮ್ಮ ಭಾಷೆಯಲ್ಲೇ ಬಾಯಿಬಿಟ್ಟು ಹೇಳುತ್ತಿರಲಿ, ನೀವು ನನಗೆ ಮರಾಠಿಯಲ್ಲಿ ಹೇಳಿ ಎಂದಳು.

ಅತ್ತೆ ಮೊದಲು ಒಲ್ಲೆ ಎಂದರು. ಹುಡುಗಿ ಬಿಡಲಿಲ್ಲ. ಶುರುಮಾಡಿದ ಮೇಲೆ ಮೊಮ್ಮಗನಿಗೆ ಹೇಳುವಂತೆ ಶೇಂಗಾ ಹಾಕೀನಿ, ಬಳ್ಳೊಳ್ಳಿ ಹಾಕೀನಿ ಎಂದು ಮಿಕ್ಸರ್ ಜೊತೆ ಮಾತಾಡತೊಡಗಿದರು. ನಾನು ಹಿಂದೆ ನಿಂತಿದ್ದೇನೆಂಬುದನ್ನೂ ಮರೆತರೇನೋ. ಚಟ್ನಿ ಸಣ್ಣಗಾಯಿತು. ಮುಚ್ಚಳ ಮಾತ್ರ ತೆಗೆಯಲು ಬರಲಿಲ್ಲ. ಸೆರಗು ಸುತ್ತಿ ತಿರುಗಿಸಿದರೂ ಬರಲಿಲ್ಲ. ನಾನು ಕೈಹಾಕಹೋದರೆ ಸ್ನೇಹಲ್ ಕಣ್ಣಲ್ಲೇ ತಡೆದಳು. ನೋಡುವವರು ನೆರವಾಗಬಾರದಂತೆ.

"ನಿಂದೇನು ತಪ್ಪಿಲ್ಲ ಬಿಡಪ್ಪ," ಎಂದರು ಅತ್ತೆ ಮಿಕ್ಸರ್‌ಗೆ. "ನನ್ನ ಕೈಯಾಗ ಬಲಾನೇ ಉಳಿದಿಲ್ಲ. ಮನ್ಯಾಗ ಹೇಳಿದ್ರ ಇನ್ನ ಸಾಕು ಅಂತ ಮೂಲ್ಯಾಗ ಕುಂದ್ರಸ್ತಾರ. ಒಲಿ ಬಿಟ್ಟು ನಾ ಹ್ಯಾಂಗ ಇರ್ಲಿ?"

ಇಷ್ಟು ದಿನದ ಸಿಡುಕು ನನ್ನ ಮೇಲಿನದಲ್ಲ, ಹೆದರಿಕೆಯದು. ಅವರೇನಂದರು ಎಂದು ಸ್ನೇಹಲ್ ಕೇಳಿದಳು. ಮುಚ್ಚಳ ಭಾರಿ ಬಿಗಿಯಾಗಿದೆಯಂತೆ ಎಂದಷ್ಟೇ ಹೇಳಿದೆ. ಅಂತೂ ಒಂದು ತಪ್ಪು ಸಿಕ್ಕಿತಲ್ಲ ಎಂದು ಅವಳು ಖುಷಿಯಿಂದ ಬರೆದುಕೊಂಡಳು.

ಅವಳು ಹೋದ ಮೇಲೆ ಅತ್ತೆ ನನ್ನ ಮುಖ ನೋಡದೆ ಕೇಳಿದರು, "ಎಲ್ಲಾ ಹೇಳಿದೇನವ್ವಾ?"

"ಮುಚ್ಚಳದ್ದಷ್ಟ ಹೇಳೀನ್ರಿ."

ಮರುದಿನ ಬೆಳಗ್ಗೆ ಅತ್ತೆ ಸಾಸಿವೆ ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ಇದಷ್ಟು ತಗದು ಕೊಡು. ಒಗ್ಗರಣಿ ನಾನ ಹಾಕ್ತೀನಿ," ಎಂದರು.

ಆ ಮಿಕ್ಸರ್ ಮುಂದೆ ಅಂಗಡಿಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆಯೂ ಈಗಿಲ್ಲ. ಅವರಿದ್ದಷ್ಟು ದಿನ ನಮ್ಮ ಅಡುಗೆಮನೆಯ ಒಂದು ಡಬ್ಬಿಯ ಮುಚ್ಚಳವನ್ನೂ ನಾನು ಬಿಗಿಯಾಗಿ ಹಾಕಲಿಲ್ಲ.