ಮೇಲೇಳದ ಆಯಸ್ಕಾಂತ

ಅತಿವಾಹಕದ ಕರಿ ಬಿಲ್ಲೆಯನ್ನು ಬಿಸಿಯಿದ್ದಾಗಲೇ ಫರ್ನೇಸಿನಿಂದ ಹೊರಗೆಳೆದ ದಡ್ಡ ನಾನೇ. ಹರಿಹರದ ಬಸ್ಸು ತಪ್ಪುತ್ತಿತ್ತು. ನಿಧಾನವಾಗಿ ಆರಿದರಷ್ಟೇ ಆಮ್ಲಜನಕ ಹರಳಿನೊಳಗೆ ಸೇರಿ ಎಲೆಕ್ಟ್ರಾನುಗಳು ತಡೆಯಿಲ್ಲದೆ ಹರಿಯುತ್ತವೆ ಎಂಬ ನಮ್ಮ ಭೌತಶಾಸ್ತ್ರದ ಮೇಷ್ಟ್ರ ಮಾತನ್ನು ಅವರದೇ ದನಿಯಲ್ಲಿ ಅಣಕಿಸಿ ದಾವಣಗೆರೆಯ ಕಾಲೇಜು ಕ್ಯಾಂಟೀನಿಗೆಲ್ಲ ಕೇಳಿಸಿದ್ದೆ. ನಾನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಅದು ಅವರ ಪಿಎಚ್‌ಡಿಯ ಕೊನೆಯ ಬಿಲ್ಲೆ. ಗಡುವು ಆ ವಾರವೇ ಮುಗಿಯುತ್ತಿತ್ತು; ಇನ್ನೊಂದು ಬಿಲ್ಲೆ ಮಾಡಲು ಹೊತ್ತಿರಲಿಲ್ಲ. ಹೋರಿಯ ವೀರ್ಯ ಕೆಡದಂತಿಡುವ ದ್ರವ ಸಾರಜನಕವನ್ನು ದನದ ಆಸ್ಪತ್ರೆಯಲ್ಲಿ ಬೇಡಿ ತಂದು ಬಿಲ್ಲೆಗೆ ಸುರಿದೆವು. ಮೇಲಿಟ್ಟ ಪುಟ್ಟ ಆಯಸ್ಕಾಂತ ಗಾಳಿಯಲ್ಲಿ ತೇಲಬೇಕಿತ್ತು. ಅದು ಕೂತಲ್ಲೇ ಕೂತಿತ್ತು.

ಬಿಸಿಯಲ್ಲೇ ತೆಗೆದೆನೆಂದು ಒಪ್ಪಿಕೊಂಡೆ. ಮೇಷ್ಟ್ರು ಆಯಸ್ಕಾಂತವನ್ನು ಚಿಮಟದಿಂದ ಎತ್ತಿ ಪಕ್ಕಕ್ಕಿಟ್ಟರು. ಭಯಕ್ಕೆ ನನ್ನ ಬಾಯಿಂದ ಅವರದೇ ದನಿ ಹೊರಟಿತು: “ಇನ್ನೊಂದ್ಸಲ ಮಾಡಾಣೇನ್ರಪ್ಪಾ?”

“ಆ ದನಿ ನೀನ ಇಟ್ಕಳಪ್ಪ,” ಅಂದರು ಮೇಷ್ಟ್ರು. “ನನಗಿನ್ನ ಅದರ ಕೆಲಸಿಲ್ಲ.”