ಎಲೆಅಡಿಕೆ ಬಾಯಿಯ ಉಕ್ತಲೇಖನ

ಮಗಳ ಬಗ್ಗೆ ಕೊಚ್ಚಿಕೊಳ್ಳುತ್ತಾಳೆ ಅಂತ ನನಗೆ ಹೆಸರಿದೆ. ಇರಲಿ, ಕೊಚ್ಚಿಕೊಳ್ಳುತ್ತೇನೆ. ಆದರೆ ಜನ ತಿಳಿದಿರುವಂತೆ ಅವಳ ಡಿಗ್ರಿಗೂ ಕೆಲಸಕ್ಕೂ ಅಲ್ಲ. ನನ್ನ ಹೆಮ್ಮೆ ಅವಳ ನಾಲ್ಕನೇ ತರಗತಿಯ ಒಂದು ಶನಿವಾರದ್ದು.

ತೊಂಬತ್ತರ ದಶಕದ ಮಾತು. ನಾವು ಹಡಗಲಿಯಲ್ಲಿದ್ದೆವು. ಮನೆಯವರು ಮಲ್ಲಿಗೆ ತೋಟ ನೋಡಿಕೊಳ್ಳುತ್ತಿದ್ದರು, ನಾನು ಹೂ ಕಟ್ಟುತ್ತಿದ್ದೆ. ಮಗಳಿಗೆ ಮೂರು ವರ್ಷ ತುಂಬಿದಾಗ ಜೋರು ಜ್ವರ ಬಂತು. ಜ್ವರ ಇಳಿಯಿತು, ಕಿವಿ ಹೋಯಿತು. ಹೂ ಕಟ್ಟುವವಳಿಗೆ ಎರಡು ಕೈಯೂ ಬಿಡುವಿರುವುದಿಲ್ಲ, ಸನ್ನೆ ಮಾಡುವುದೆಲ್ಲಿ ಬಂತು? ಎದುರಿಗೆ ಕೂತು ನನ್ನ ತುಟಿ ನೋಡಿ ನೋಡಿಯೇ ಅವಳು ಮಾತು ತಿಳಿದುಕೊಂಡಳು. ನಾನು ಕಲಿಸಿದೆ ಅಂದರೆ ಸುಳ್ಳಾಗುತ್ತದೆ.

ಶಾಲೆಗೆ ಸೇರಿಸುವಾಗ ನಾನೊಂದು ತಪ್ಪು ಮಾಡಿದೆ. ಕಿವಿ ಕೇಳುವುದಿಲ್ಲ ಅಂತ ಹೇಳಲಿಲ್ಲ. ಹೆಣ್ಣುಮಗು, ಒಮ್ಮೆ ಕಿವುಡಿ ಅಂತ ಹೆಸರು ಬಿದ್ದರೆ ನಾಳೆ ಗಂಡು ಹುಡುಕುವಾಗ ಹೊಳಲಿನಿಂದ ಹಂಪಸಾಗರದವರೆಗೆ ಸುತ್ತಲಿನ ಊರಿಗೆಲ್ಲ ನಮಗಿಂತ ಮೊದಲು ಆ ಹೆಸರೇ ಹೋಗಿ ಕೂತಿರುತ್ತದೆ ಅಂತ ಭಯ. "ಎಲ್ಲಾರೂ ಪ್ರಾರ್ಥನಿ ಹೇಳುವಾಗ ನೀನೂ ಬಾಯಿ ಆಡ್ಸು" ಅಂತ ಹೇಳಿಕೊಟ್ಟೆ. ಅವಳ ದನಿ ಒಡಕಾಗಿತ್ತು, ಅದಕ್ಕೆ ಮಂದಿ ಮುಂದೆ ಮಾತಾಡಬೇಡ ಅಂತಲೂ ಕಟ್ಟು ಹಾಕಿದೆ. ಓಣಿಯವರು ಮೆತ್ತಗಿನ ಹುಡುಗಿ ಅಂದುಕೊಂಡರು. ಮೊದಲ ಮೂರು ವರ್ಷ ಪಾಠ ಮಾಡಿದ ಟೀಚರು ಎದುರಿಗೆ ನಿಂತು ಬಾಯಿತುಂಬ ಮಾತಾಡುವ ಹೆಂಗಸು. ಆಕೆಗೆ ಗೊತ್ತಾಗಿದ್ದಿರಬೇಕು, ಆದರೆ ಕೇಳಲಿಲ್ಲ. ಮಗಳು ಪಾಸಾಗುತ್ತಾ ಬಂದಳು.

ನಾಲ್ಕನೇ ತರಗತಿಗೆ ಸಿಕ್ಕವರು ಊರೇ ಕೈಮುಗಿಯುವ ಮೇಷ್ಟ್ರು. ಪಾಠದಲ್ಲಿ ಗಟ್ಟಿ. ಆದರೆ ಬಾಯಲ್ಲಿ ಬೆಳಗಿನಿಂದ ಸಂಜೆತನಕ ಎಲೆಅಡಿಕೆ. ರಸ ಸೋರಬಾರದು ಅಂತ ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದರು. ಉಕ್ತಲೇಖನ ಹೇಳುವಾಗ ಪುಸ್ತಕವನ್ನು ಮುಖಕ್ಕೆ ಹಿಡಿದು ಸಾಲುಗಳ ನಡುವೆ ಓಡಾಡುವರು. ಮಗಳಿಗೆ ವಾರ ವಾರವೂ ಸೊನ್ನೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಇದು ಸೊಕ್ಕು ಅಂತ ಒಂದು ದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಯಾರ ತುಟಿಯೂ ಕಾಣದ ಕಡೆ ಎರಡು ತಾಸು.

ಮರುದಿನ ಅರ್ಧ ಕಟ್ಟಿದ ಹೂವನ್ನು ಅಲ್ಲೇ ಬಿಟ್ಟು ಶಾಲೆಗೆ ಹೋದೆ. "ಸರ್, ಆಕಿಗೆ ಸೊಕ್ಕಿಲ್ರಿ. ಕಿವಿ ಕೇಳ್ಸಂಗಿಲ್ಲ" ಅಂದೆ, ಪಕ್ಕದವರಿಗೆ ಕೇಳಿಸದಂತೆ.

ಮೇಷ್ಟ್ರು ಮುಖ ಕೆಂಪು ಮಾಡಿಕೊಂಡರು. "ನಾಕನೇ ವರ್ಷಕ್ಕ ಹೇಳಾಕತ್ತೀರೇನು? ಗೋಡಿಗೆ ನಿಲ್ಸಿದ ಪಾಪ ಈಗ ಯಾರ ತಲಿಗೆ? ಐವತ್ತು ಮಕ್ಕಳು ಅದಾವ ಇಲ್ಲಿ. ಆಕಿನ್ನ ಕಿವುಡ್ರ ಶಾಲಿಗೆ ಹಾಕ್ರಿ."

"ಆಕಿಗೆ ಎಲ್ಲಾ ತಿಳಿತೈತ್ರಿ. ಶಾಣ್ಯಾಕಿ ಅದಾಳ."

"ಹೆತ್ತೋರಿಗೆ ಹೆಗ್ಗಣ ಮುದ್ದು" ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೆಗ್ಗಣನ ಆಗ್ಲಿ. ನೀವು ಮೊದ್ಲು ಬಾಯಾಗಿನ ಎಲಿಅಡಿಕಿ ಉಗುಳಿ, ಎದುರಿಗೆ ನಿಂತು ಪಾಠ ಹೇಳ್ರಿ. ಆಮ್ಯಾಲೆ ನನ್ನ ಮಗಳ ಮಾತಾಡ್ರಿ" ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೂವಿನವಳು ಮೇಷ್ಟ್ರಿಗೆ ಬಾಯಿ ತೊಳಕೋ ಅಂದಳಂತೆ ಅಂತ ಸಂಜೆಯೊಳಗೆ ಓಣಿಯೆಲ್ಲ ಸುದ್ದಿ. "ಗುರುಗಳಿಗೆ ಹಂಗ ಅಂತಾರೇನ?" ಅಂತ ಮನೆಯವರೂ ತಲೆ ತಗ್ಗಿಸಿದರು. ಮೇಷ್ಟ್ರು ಹೆಡ್‌ಮೇಷ್ಟ್ರ ಹತ್ತಿರ ಹಟ ಹಿಡಿದರು: ಆ ಹುಡುಗಿ ನನ್ನ ಕ್ಲಾಸಿನಲ್ಲಿ ಬೇಡ. ಕಿವುಡರ ಶಾಲೆ ಅಂದರೆ ದೂರದ ಊರು, ಹಾಸ್ಟೆಲ್ಲು. ಅಲ್ಲಿ ಚೆನ್ನಾಗಿಯೇ ಕಲಿಸುತ್ತಿದ್ದರೇನೋ. ಆದರೆ ಮಗಳು ನನ್ನ ಸೆರಗು ಹಿಡಿದು, ಒಲ್ಲೆ, ನನ್ನ ಗೆಳತಿಯರ ಜೊತೆ ಇಲ್ಲೇ ಓದುತ್ತೇನೆ ಅಂತ ಅತ್ತಳು.

ಹೆಡ್‌ಮೇಷ್ಟ್ರು ತೂಕದ ಮನುಷ್ಯ. ನನ್ನನ್ನೂ ಮೇಷ್ಟ್ರನ್ನೂ ಕೂರಿಸಿ ಒಂದು ತೀರ್ಮಾನ ಹೇಳಿದರು: "ಶನಿವಾರ ಉಕ್ತಲೇಖನ ಇಡೋಣ. ಹತ್ತು ವಾಕ್ಯದಾಗ ಐದು ಸರಿಯಾಗಿ ಬರದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಟಿ.ಸಿ. ತಗೊಂಡು ಹೋಗ್ರಿ. ಮೇಷ್ಟ್ರ, ಅವತ್ತೊಂದಿನ ಬಾಯಿ ಖಾಲಿ ಇಟ್ಕೊಳ್ರಿ."

ಶನಿವಾರ ಬೆಳಿಗ್ಗೆ ನಾನು ಕ್ಲಾಸಿನ ಕಿಟಕಿಗೆ ಹೋಗಿ ನಿಂತೆ. ಸುದ್ದಿ ಕೇಳಿ ನಾಲ್ಕಾರು ಹೆಂಗಸರೂ ಬಂದಿದ್ದರು. ಮೇಷ್ಟ್ರು ನಿಜಕ್ಕೂ ಬಾಯಿ ತೊಳೆದು ಬಂದು ಎದುರಿಗೇ ನಿಂತರು. ಮೊದಲ ವಾಕ್ಯ ಹೇಳಿದರು, ಮಗಳು ಬರೆದಳು. ಎರಡನೆಯದಕ್ಕೆ ಪುಸ್ತಕ ತಾನಾಗಿಯೇ ಮೇಲೆದ್ದು ಮೂಗಿನತನಕ ಬಂತು. ಬೇಕಂತ ಮಾಡಿದ್ದಲ್ಲ, ವರ್ಷಾನುಗಟ್ಟಲೆಯ ರೂಢಿ. ಉಳಿದ ಮಕ್ಕಳು ತಲೆ ಬಗ್ಗಿಸಿ ಬರೆಯತೊಡಗಿದರು. ಅವಳು ಪೆನ್ಸಿಲ್ ಹಿಡಿದು ಸುಮ್ಮನೆ ಕೂತಳು. ಮೂರನೆಯದೂ ಹೋಯಿತು, ನಾಲ್ಕನೆಯದೂ ಹೋಯಿತು. ಬಾಯಿ ಆಡಿಸು, ಮಾತಾಡಬೇಡ ಅಂತ ಕಲಿಸಿದವಳು ನಾನೇ. ಕಿಟಕಿಯ ಸರಳು ಹಿಡಿದು ನನ್ನನ್ನೇ ಬೈದುಕೊಂಡೆ.

ಆಗ ಅವಳು ಎದ್ದಳು. ಸೀದಾ ಮುಂದಕ್ಕೆ ನಡೆದು, ಮೇಷ್ಟ್ರ ಮುಖದ ಮುಂದಿದ್ದ ಪುಸ್ತಕವನ್ನು ಕೈಯಿಂದ ಕೆಳಗಿಳಿಸಿದಳು.

"ಸರ್, ನಂಗ ಕಿವಿ ಕೇಳ್ಸಂಗಿಲ್ರಿ. ಬಾಯಿ ತೋರ್ಸಿ ಹೇಳ್ರಿ."

ತನ್ನ ದನಿಯ ಅಳತೆ ಅವಳಿಗೆ ಗೊತ್ತಿರಲಿಲ್ಲ. ಆ ಒಡಕು ದನಿ ಅಂಗಳದವರೆಗೂ ಕೇಳಿಸಿತು. ಎರಡು ಮೂರು ಮಕ್ಕಳು ಕಿಸಕ್ಕನೆ ನಕ್ಕರು. ನಕ್ಕದ್ದನ್ನು ಅವಳು ನೋಡಿದಳು. ನೋಡಿಯೂ ಅಲ್ಲಿಂದ ಕದಲಲಿಲ್ಲ.

ಮೇಷ್ಟ್ರು ಪುಸ್ತಕವನ್ನು ಮೇಜಿನ ಮೇಲಿಟ್ಟರು. "ತಪ್ಪಾತವ್ವಾ. ಕುಂದ್ರು. ಎರಡನೇದ್ರಿಂದ ಮತ್ತ ಹೇಳ್ತೀನಿ" ಅಂದರು, ಒಂದೊಂದು ಮಾತೂ ತುಟಿಯ ಮೇಲೆ ಕಾಣುವ ಹಾಗೆ. ಮಗಳು ಹತ್ತರಲ್ಲಿ ಏಳು ವಾಕ್ಯ ಸರಿಯಾಗಿ ಬರೆದಳು. ಹೆಡ್‌ಮೇಷ್ಟ್ರು ನೋಟ್‌ಬುಕ್ ನೋಡಿ, ನನ್ನ ಕಡೆ ತಿರುಗಿ, ಇಲ್ಲೇ ಇರಲಿ ಅನ್ನುವಂತೆ ತಲೆ ಆಡಿಸಿದರು.

ಮಗನನ್ನು ಬಿಡಲು ಬಂದು ನನ್ನ ಪಕ್ಕ ನಿಂತಿದ್ದ ಬೇರೆ ಓಣಿಯ ಹೆಂಗಸು ಮೆಲ್ಲಗೆ ಕೇಳಿದಳು: "ಯಾರ ಹುಡುಗಿ ಯವ್ವಾ ಅದು? ಕಿವುಡೀನಾ?"

ಆ ಪ್ರಶ್ನೆಗೆ ಹೆದರಿಯೇ ನಾನು ಅಷ್ಟು ವರ್ಷ ಎಲ್ಲ ಮುಚ್ಚಿಟ್ಟಿದ್ದೆ. ಅವತ್ತು ಎದೆ ತುಂಬಿ ಬಂದಿತ್ತು.

"ಹೂಂನವ್ವಾ, ನನ್ನ ಮಗಳು. ಕಿವಿ ಕೇಳ್ಸಂಗಿಲ್ಲ ಆಕಿಗೆ" ಅಂದೆ, ಒಳಗಿದ್ದ ಮೇಷ್ಟ್ರೂ ತಿರುಗಿ ನೋಡುವಷ್ಟು ಜೋರಾಗಿ.