ಕಾಕಿಯ ರೊಟ್ಟಿ ತಿಂದ ಕಾಡುಬಾತುಗಳು

ಗೆಳೆಯರೇ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಬಿಡಿ.

ಕಾಡುಬಾತೊಂದನ್ನು ನಾಯಿಗಳು ಕೊಂದ ಮೇಲೆ ಅದರ ಮರಿಗಳನ್ನು ನಮ್ಮ ಹಿತ್ತಲಲ್ಲಿ ಸಾಕಿದೆ. ಮನುಷ್ಯರ ರೂಢಿಯಾದರೆ ಹೊರಗೆ ಬದುಕುವುದಿಲ್ಲವೆಂದು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತುಟಿ ಬಿಚ್ಚದೆ ಕಾಳು ಹಾಕಿದೆ. ರೆಕ್ಕೆ ಬಲಿತವೆಂದು ಇಂದು ಶಹಾಬಾದಿನ ಹಳೆಯ ಕಲ್ಲುಗಣಿಯ ನೀರಿಗೆ ಬಿಟ್ಟೆ. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು ತಮಾಷೆಗೆ "ಬಾ ಬಾ ಬಾ" ಅಂದ. ಅಷ್ಟೂ ಬಾತುಗಳು ಸೀದಾ ಅವನ ಕಾಲ ಬುಡಕ್ಕೆ!

"ಅಕ್ಕಾರ, ಭಾಳ ಚಲೋ ಅದಾವ್ರಿ. ಒಂದು ಕೊಡ್ರಿ, ಸಾರು ಮಾಡ್ತೀವಿ."

ನಾನೂ "ಬಾ ಬಾ" ಅಂತಲೇ ಬುಟ್ಟಿಗೆ ತುಂಬಿಕೊಂಡು ವಾಪಸ್ ಬಂದೆ. ವಿಚಾರಿಸಿದರೆ, ನಾನು ಕೆಲಸಕ್ಕೆ ಹೋದಾಗಲೆಲ್ಲ ಪಕ್ಕದ ಮನೆಯ ನೀಲಮ್ಮ ಕಾಕಿ ಗೋಡೆಯ ಮೇಲಿಂದ ರೊಟ್ಟಿ ಮುರಿದು ಹಾಕಿ ಹಾಗೇ ಕರೆಯುತ್ತಿದ್ದರಂತೆ.

"ಕಾಕಿ, ಅವನ್ನ ಕೊಯ್ದು ತಿಂತಿದ್ರು!" ಎಂದು ಕಿರುಚಿದೆ.

"ತಾಯಿಲ್ಲದ ಕೂಸುಗೊಳಿಗಿ ನಿನ್ನಂಗ ಬಾಯಿ ಮುಚಕೊಂಡು ಯಾರರ ಉಣಸ್ತಾರೇನು?" ಎಂದು ನನಗೇ ಜಬರಿಸಿದರು.

ಇನ್ನು ಮನುಷ್ಯರಿಗೆ ಹೆದರುವುದನ್ನು ಇವಕ್ಕೆ ಮೊದಲಿನಿಂದ ಕಲಿಸಬೇಕು. ಸದ್ಯ ಕಾಕಿಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ನನ್ನ ಕಾಡುಪ್ರಾಣಿಗಳು ಗೋಡೆಯ ಬುಡದಲ್ಲಿ ಸಾಲಾಗಿ ನಿಂತಿವೆ.